ಪ್ರೀಮಿಯಂ ತಡವಾಯಿತು, ಕಾರು ಜಖಂ ಆಯಿತು: ಕ್ಲೇಮು ಸಿಗುತ್ತದೆಯೇ?

ಮಳೆ ಹಿಡಿದ ಮೇಲೆ ಮಲೆನಾಡಿನಿಂದ ಬರುವ ವಿಮೆ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಜಾತಿಯವು. ಪಾಲಿಸಿ ಮುಗಿದು ಎರಡು ದಿನವೋ ಎರಡು ವಾರವೋ ಆಗಿರುತ್ತದೆ, ಅಷ್ಟರಲ್ಲಿ ಮರ ಬೀಳುತ್ತದೆ, ಧರೆ ಜರಿಯುತ್ತದೆ ಅಥವಾ ಎದುರಿನಿಂದ ಬೈಕು ಬರುತ್ತದೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನನ್ನ ಕಾರಿನ ಫಸ್ಟ್ ಪಾರ್ಟಿ ಪಾಲಿಸಿ ಜೂನ್ 30ಕ್ಕೆ ಮುಗಿದಿತ್ತು. ಜುಲೈ 2ರ ಬೆಳಿಗ್ಗೆ 11.20ಕ್ಕೆ ಫೋನಿನಲ್ಲೇ ದುಡ್ಡು ಕಟ್ಟಿದೆ. ಕಾರಿನ ವಿಡಿಯೊ ಕೇಳಿದರು, ಸಂಜೆ 4ಕ್ಕೆ ಕಳಿಸಿದೆ. ಅದೇ ದಿನ ಸಂಜೆ 6ಕ್ಕೆ ಆಗುಂಬೆ ರಸ್ತೆಯಲ್ಲಿ ಕೊಂಬೆ ಬಿದ್ದು ಬಾನೆಟ್ಟು, ಮುಂದಿನ ಗಾಜು ಹೋದವು. ರಾತ್ರಿ ಬಂದ ಪಾಲಿಸಿಯಲ್ಲಿ ಆರಂಭ ಜುಲೈ 3ರ 00:00 ಗಂಟೆ ಎಂದಿದೆ. ಕ್ಲೇಮು ಆಗುವುದಿಲ್ಲವಂತೆ. ದುಡ್ಡು ಮೊದಲೇ ಕಟ್ಟಿದ್ದೇನಲ್ಲ? ಎಲ್‌ಐಸಿಗೆ ಒಂದು ತಿಂಗಳು ಸಮಯ ಇರುವಾಗ ಕಾರಿಗೆ ಎರಡು ದಿನವೂ ಇಲ್ಲವೇ? (ತೀರ್ಥಹಳ್ಳಿಯ ಓದುಗರು)

ಉತ್ತರ: ಕೊನೆಯ ಮಾತಿನಿಂದಲೇ ಶುರು ಮಾಡೋಣ. ಜೀವ ವಿಮೆಯಲ್ಲಿ ವಾರ್ಷಿಕ ಕಂತಿಗೆ 30 ದಿನ, ಮಾಸಿಕ ಕಂತಿಗೆ 15 ದಿನದ ಹೆಚ್ಚುವರಿ ಅವಧಿ ಇದೆ. ಆರೋಗ್ಯ ವಿಮೆಯಲ್ಲೂ ನವೀಕರಣಕ್ಕೆ ಅಂಥದೊಂದು ಅವಧಿ ಉಂಟು. ವಾಹನ ವಿಮೆಯಲ್ಲಿ ಅದು ಸೊನ್ನೆ. ಪಾಲಿಸಿಯ ಕೊನೆಯ ದಿನದ ಮಧ್ಯರಾತ್ರಿ ದಾಟಿದರೆ ಕಾರಿಗೆ ವಿಮೆಯೇ ಇಲ್ಲ. '90 ದಿನ ಟೈಮ್ ಇದೆ' ಎಂದು ಯಾರಾದರೂ ಹೇಳಿದ್ದರೆ ಅದು ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಉಳಿಸಿಕೊಳ್ಳಲು ಇರುವ ಅವಧಿ. ನಷ್ಟ ಭರಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ನಿಮ್ಮ ನಿಜವಾದ ಜಗಳ. ವಿಮಾ ಕಾಯ್ದೆ 1938ರ 64ವಿಬಿ ಕಲಮು ಹೇಳುವುದು ಇಷ್ಟು: ಪ್ರೀಮಿಯಂ ಬರುವ ಮೊದಲು ಕಂಪನಿ ಅಪಾಯವನ್ನು ವಹಿಸಿಕೊಳ್ಳುವಂತಿಲ್ಲ. ದುಡ್ಡು ಬಂದ ನಿಮಿಷದಿಂದಲೇ ವಹಿಸಿಕೊಳ್ಳಬೇಕು ಎಂದು ಅದು ಎಲ್ಲೂ ಹೇಳಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಆರಂಭದ ಗಂಟೆಯನ್ನು ತೀರ್ಮಾನಿಸುವುದು ಪಾಲಿಸಿಯ ಮೊದಲ ಪುಟ. ಅದರಲ್ಲಿ ಬರೀ ದಿನಾಂಕವಿದ್ದು ಸಮಯ ಇಲ್ಲದಿದ್ದರೆ ಹಿಂದಿನ ಮಧ್ಯರಾತ್ರಿಯಿಂದಲೇ ಜಾರಿ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ, ರಾಮ್ ದಯಾಳ್ ಪ್ರಕರಣದಲ್ಲಿ ಹೇಳಿತು. ಆಮೇಲೆ ಕಂಪನಿಗಳು ಗಂಟೆ, ನಿಮಿಷ ಬರೆಯತೊಡಗಿದವು. ಸಮಯ ಬರೆದಿದ್ದರೆ ಆ ಸಮಯದಿಂದಲೇ ಲೆಕ್ಕ ಎಂದು 1997ರಲ್ಲಿ ಅದೇ ಕೋರ್ಟ್ ಹೇಳಿದೆ. ನಿಮ್ಮದರಲ್ಲಿ 00:00 ಎಂದು ಸ್ಪಷ್ಟವಾಗಿ ಇರುವುದರಿಂದ ಸಂಜೆ 6ರ ನಷ್ಟ ಮೇಲ್ನೋಟಕ್ಕೆ ಹೊರಗೆ.

ಆದರೂ ಕೈಬಿಡುವ ಮೊದಲು ಮೂರು ಕಡೆ ನೋಡಿ. ದುಡ್ಡು ಕಟ್ಟಿದಾಗ ಬಂದ ರಸೀದಿ ಅಥವಾ ಮೆಸೇಜಿನಲ್ಲಿ 'ಪಾಲಿಸಿ ಜಾರಿಯಾಗಿದೆ' ಎಂಬ ಮಾತಿದೆಯೇ? ವಿಡಿಯೊ ಒಪ್ಪಿದೆವು ಎಂಬ ಸಂದೇಶ ಸಂಜೆ 6ಕ್ಕೆ ಮೊದಲೇ ಬಂದಿದೆಯೇ? ಅರ್ಜಿ ತುಂಬುವಾಗ ತೋರಿಸಿದ ಆರಂಭದ ದಿನ ಜುಲೈ 2 ಆಗಿತ್ತೇ? ಇವುಗಳಲ್ಲಿ ಒಂದಾದರೂ ಇದ್ದರೆ ಸ್ಕ್ರೀನ್‌ಶಾಟ್ ಸಮೇತ ಲಿಖಿತ ದೂರು ಕೊಡಬಹುದು, ವಾದಕ್ಕೆ ಜಾಗ ಇದೆ. ಮೂರೂ ಇಲ್ಲದಿದ್ದರೆ ರಿಪೇರಿ ಖರ್ಚು ನಿಮ್ಮದೇ.

ಕೇಳದಿದ್ದರೂ ಹೇಳಬೇಕಾದ ಮಾತು: ಘಟನೆಯನ್ನು ಜುಲೈ 3ಕ್ಕೆ ದೂಡಿ ಕ್ಲೇಮು ಹಾಕಿ ಎಂದು ಗ್ಯಾರೇಜಿನಲ್ಲಿ ಯಾರಾದರೂ ಸಲಹೆ ಕೊಟ್ಟಾರು. ಫೋಟೊದೊಳಗೆ ಸಮಯ ಅಚ್ಚಾಗಿರುತ್ತದೆ, ಎಳೆದು ತಂದ ಗಾಡಿಯವನ ಬಿಲ್ಲಿರುತ್ತದೆ, ಗ್ಯಾರೇಜಿನ ಜಾಬ್ ಕಾರ್ಡ್ ಇರುತ್ತದೆ. ಪಾಲಿಸಿ ಶುರುವಾದ ಮೊದಲ ವಾರದ ಕ್ಲೇಮು ಎಂದರೆ ಕಂಪನಿಯ ಪರ ನಷ್ಟ ಅಂದಾಜು ಮಾಡುವ ಸರ್ವೇಯರು ಮೊದಲು ಹುಡುಕುವುದೇ ಇವನ್ನು. ಸಿಕ್ಕಿಬಿದ್ದರೆ ಈ ಕ್ಲೇಮಿನ ಜೊತೆ ಪಾಲಿಸಿಯೂ ಹೋಗುತ್ತದೆ.

ಪ್ರಶ್ನೆ: ಪಾಲಿಸಿ ಮುಗಿಯುವ ಹಿಂದಿನ ದಿನ, ಜೂನ್ 29ರ ರಾತ್ರಿ ಯುಪಿಐನಲ್ಲಿ ಪ್ರೀಮಿಯಂ ಕಟ್ಟಿದೆ. ನಮ್ಮಲ್ಲಿ ಸಿಗ್ನಲ್ ಇಲ್ಲ, ಗುಡ್ಡ ಹತ್ತಿ ಕಟ್ಟಿದ್ದು. ಖಾತೆಯಿಂದ ದುಡ್ಡು ಹೋಯಿತು, ಪಾಲಿಸಿ ಬರಲಿಲ್ಲ. ಬಂದೀತು ಎಂದು ಸುಮ್ಮನಿದ್ದೆ. ಜುಲೈ 4ರಂದು ಕಾರು ಚರಂಡಿಗೆ ಇಳಿಯಿತು. ಜುಲೈ 5ಕ್ಕೆ ದುಡ್ಡು ವಾಪಸ್ ಬಂದಿದೆ. ನಾನು ಸಮಯಕ್ಕೆ ಕಟ್ಟಿದ್ದೇನೆ ಎನ್ನಬಹುದೇ? (ಸಾಗರ ತಾಲ್ಲೂಕಿನ ಓದುಗರು)

ಉತ್ತರ: ದುಡ್ಡು ವಾಪಸ್ ಕೊಟ್ಟವರು ಯಾರು ಎಂಬುದರ ಮೇಲೆ ಎಲ್ಲ ನಿಂತಿದೆ. ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆಸಿ, ಜುಲೈ 5ರ ಜಮೆಯ ಸಾಲನ್ನು ಓದಿ. 'ರಿವರ್ಸಲ್' ಎಂದಿದ್ದರೆ ದುಡ್ಡು ಕಂಪನಿಯನ್ನು ತಲುಪಲೇ ಇಲ್ಲ, ದಾರಿಯಲ್ಲೇ ಸಿಕ್ಕಿಕೊಂಡು ತಿರುಗಿ ಬಂದಿದೆ ಎಂದರ್ಥ. ಆಗ ಪ್ರೀಮಿಯಂ ಸಂದಾಯವಾಗಿಲ್ಲ, ವಿಮೆಯೂ ಇಲ್ಲ. ಕಂಪನಿಯ ಹೆಸರಿನಿಂದ 'ರೀಫಂಡ್' ಎಂದು ಬಂದಿದ್ದರೆ ಕಥೆಯೇ ಬೇರೆ: ದುಡ್ಡು ಅವರ ಕೈ ಸೇರಿತ್ತು, ಅಪಘಾತದ ನಂತರ ಹಿಂದಿರುಗಿಸಿದ್ದಾರೆ. ಅಂಥ ಪ್ರಕರಣದಲ್ಲಿ ಗಟ್ಟಿಯಾಗಿ ಜಗಳವಾಡಬಹುದು. ಯುಪಿಐ ವ್ಯವಹಾರದ 12 ಅಂಕಿಯ ಉಲ್ಲೇಖ ಸಂಖ್ಯೆ ಬರೆದು, ಹಣ ಯಾವ ದಿನ ಯಾವ ಹೊತ್ತಿಗೆ ಜಮೆಯಾಯಿತು ಎಂದು ಕಂಪನಿಗೂ ಬ್ಯಾಂಕಿಗೂ ಇಮೇಲಿನಲ್ಲಿ ಕೇಳಿ. ಫೋನಿನಲ್ಲಿ ಕೊಟ್ಟ ಉತ್ತರ ನಾಳೆ ಸಾಕ್ಷಿಗೆ ಬರುವುದಿಲ್ಲ.

ರಿವರ್ಸಲ್ ಆಗಿದ್ದರೆ ನಿಮಗೆ ಬರಬೇಕಾದ್ದು ಒಂದು ಸಣ್ಣ ಮೊತ್ತ. ವ್ಯಾಪಾರಿಗೆ ತಲುಪದ ಯುಪಿಐ ಹಣ ಐದು ದಿನದೊಳಗೆ ತಾನಾಗಿ ಮರಳಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬುದು 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ನಿಯಮ. ನಿಮ್ಮದು ಆರನೇ ದಿನ ಬಂದಿದೆ, 100 ರೂಪಾಯಿ ಕೇಳಿ ಪಡೆಯಬಹುದು. ಚರಂಡಿಗಿಳಿದ ಕಾರಿಗೆ ಅದು ಯಾವ ಮೂಲೆಗೂ ಸಾಲದು, ಇರಲಿ.

ಮುಂದಿನ ವರ್ಷಕ್ಕೆ: ದುಡ್ಡು ಕಡಿತವಾಗಿ ಪಾಲಿಸಿ ಪಿಡಿಎಫ್ ಬರದಿದ್ದರೆ ಕಾಯಬೇಡಿ, ಹಳೆಯದು ಮುಗಿಯುವ ಮೊದಲೇ ಇನ್ನೊಮ್ಮೆ ಕಟ್ಟಿ. ಎರಡು ಸಲ ಹೋದ ದುಡ್ಡು ಹಿಂದೆ ಬರುತ್ತದೆ, ವಿಮೆಯಿಲ್ಲದ ದಿನ ಹಿಂದೆ ಬರುವುದಿಲ್ಲ. ಸಿಗ್ನಲ್ ಇಲ್ಲದ ಊರಿನವರು ಕೊನೆಯ ವಾರದವರೆಗೆ ಬಿಡಲೇಬಾರದು. ಒಂದು ತಿಂಗಳು ಮೊದಲೇ ಕಟ್ಟಿದರೂ ಹೊಸ ಪಾಲಿಸಿ ಹಳೆಯದು ಮುಗಿದ ಮರುಕ್ಷಣದಿಂದಲೇ ಶುರುವಾಗುವುದು, ಒಂದು ದಿನವೂ ನಷ್ಟವಿಲ್ಲ.

ಪ್ರಶ್ನೆ: ಏಜೆಂಟರಿಗೆ ನಗದು ಕೊಟ್ಟಿದ್ದೆ. ಅವರು ಆರು ದಿನ ಬಿಟ್ಟು ಕಟ್ಟಿದ್ದಾರೆ. ನಡುವೆ ಕಾರು ಹಾಳಾಯಿತು. ಯಾರನ್ನು ಹಿಡಿಯಬೇಕು? (ಹೊಸನಗರ)

ಉತ್ತರ: ಮೊದಲು ಅವರು ಏಜೆಂಟರು ಹೌದೋ ಅಲ್ಲವೋ ನೋಡಿ. ಆರ್‌ಟಿಒ ಕಚೇರಿಯ ಎದುರಿನ ಅಂಗಡಿಯವರು, ಹೊಗೆ ತಪಾಸಣೆ ಕೇಂದ್ರದವರು, ಹಳೇ ಕಾರಿನ ವ್ಯಾಪಾರಿಗಳು, ಎಲ್ಲರೂ 'ಇನ್ಶೂರೆನ್ಸ್ ಮಾಡಿಕೊಡುತ್ತೇವೆ' ಎನ್ನುತ್ತಾರೆ. ಇವರಲ್ಲಿ ಕೆಲವರಿಗೆ ಮಾತ್ರ ಕಂಪನಿಯ ಏಜೆನ್ಸಿ ಇರುತ್ತದೆ, ಉಳಿದವರು ಬರೀ ಮಧ್ಯವರ್ತಿಗಳು. ಪಾಲಿಸಿಯ ಮೊದಲ ಪುಟದಲ್ಲಿ ಏಜೆಂಟರ ಅಥವಾ ಮಧ್ಯವರ್ತಿಯ ಹೆಸರು ಮತ್ತು ಕೋಡ್ ಇರುತ್ತದೆ. ನೀವು ದುಡ್ಡು ಕೊಟ್ಟವರ ಹೆಸರು ಅಲ್ಲಿದೆಯೇ ನೋಡಿ.

ಇದ್ದರೆ 64ವಿಬಿ ಕಲಮಿನ 4ನೇ ಉಪಕಲಮು ನಿಮ್ಮ ಕಡೆ ಮಾತಾಡುತ್ತದೆ: ಕಂಪನಿಯ ಪರವಾಗಿ ಪ್ರೀಮಿಯಂ ಪಡೆದ ಏಜೆಂಟರು ತಮ್ಮ ಕಮಿಷನ್ ಹಿಡಿದುಕೊಳ್ಳದೆ, ಪೂರ್ತಿ ಮೊತ್ತವನ್ನು 24 ಗಂಟೆಯೊಳಗೆ ಕಂಪನಿಗೆ ಕಟ್ಟಬೇಕು ಅಥವಾ ಅಂಚೆಯಲ್ಲಿ ಕಳಿಸಬೇಕು. ಬ್ಯಾಂಕ್ ಮತ್ತು ಅಂಚೆ ರಜೆಗಳನ್ನು ಮಾತ್ರ ಲೆಕ್ಕದಿಂದ ಬಿಡಬಹುದು. ಆರು ದಿನ ಎಂದರೆ ನೇರ ಉಲ್ಲಂಘನೆ. ಆದರೆ ಏಜೆಂಟರ ತಪ್ಪಿಗೆ ಕಂಪನಿ ತಲೆಕೊಡಬೇಕೇ ಎಂಬುದು, ಅವರಿಗೆ ಹಣ ಪಡೆಯುವ ಅಧಿಕಾರ ಇತ್ತೇ ಎಂಬುದರ ಮೇಲೆ ಹೋಗುತ್ತದೆ. ಕಂಪನಿ ಮೊದಲು ಎತ್ತುವ ತಕರಾರು ಅದೇ. ನೀವು ತೋರಿಸಬೇಕಾದ್ದು ದುಡ್ಡು ಕೊಟ್ಟ ದಿನ. ರಸೀದಿ ಇಲ್ಲದಿದ್ದರೆ ಆ ದಿನದ ವಾಟ್ಸಾಪ್ ಮಾತುಕತೆ, 'ಕಟ್ಟಿದ್ದೇನೆ' ಎಂಬ ಧ್ವನಿ ಸಂದೇಶ, ಎಟಿಎಂನಿಂದ ಅದೇ ಮೊತ್ತ ತೆಗೆದ ದಾಖಲೆ, ಏನಿದ್ದರೂ ಈಗಲೇ ತೆಗೆದಿಡಿ. ಇದ್ಯಾವುದೂ ಇಲ್ಲದೆ ಬಾಯಿಮಾತಿನ ಮೇಲೆ ಹೊರಟರೆ ಗೆಲ್ಲುವುದು ಕಷ್ಟ. ಏಜೆಂಟರು ಪರಿಚಯದವರೇ ಆಗಿರಲಿ, ಕಂಪನಿಯ ಪಾವತಿ ಲಿಂಕ್ ತರಿಸಿಕೊಂಡು ನೇರವಾಗಿ ಕಂಪನಿಯ ಖಾತೆಗೇ ಕಟ್ಟಿ. ಅವರ ಕಮಿಷನ್ನಿಗೆ ಏನೂ ಧಕ್ಕೆಯಿಲ್ಲ.

ಪ್ರಶ್ನೆ: ಮಾರ್ಚ್ 10ಕ್ಕೆ ಚೆಕ್ ಕೊಟ್ಟು ಪಾಲಿಸಿ ಪಡೆದೆ. ಖಾತೆಯಲ್ಲಿ ಹಣ ಸಾಲದೆ 18ಕ್ಕೆ ಚೆಕ್ ಬೌನ್ಸ್ ಆಯಿತು. 22ರಂದು ನನ್ನ ಕಾರು ಬೈಕಿಗೆ ತಾಗಿ ಸವಾರನ ಕಾಲು ಮುರಿದಿದೆ, ನನ್ನ ಕಾರಿನ ಮುಂಭಾಗವೂ ನಜ್ಜುಗುಜ್ಜು. ಪಾಲಿಸಿ ರದ್ದು ಮಾಡಿದ ಪತ್ರ 25ಕ್ಕೆ ಕೈಗೆ ಬಂತು. ಈಗ ಏನೂ ಸಿಗುವುದಿಲ್ಲವೇ? (ಭದ್ರಾವತಿ)

ಉತ್ತರ: ನಿಮಗೂ ಬೈಕಿನವರಿಗೂ ಇಲ್ಲಿ ಬೇರೆ ಬೇರೆ ಲೆಕ್ಕ.

ನಿಮ್ಮ ಕಾರಿನ ಬಾಬ್ತು ಮುಗಿಯಿತು ಎಂದೇ ತಿಳಿಯಿರಿ. ಚೆಕ್ ನಗದಾಗದಿದ್ದರೆ ಕಂಪನಿ ಪಾಲಿಸಿದಾರನಿಗೆ ಕೊಟ್ಟ ಮಾತಿಗೆ ಬದ್ಧವಲ್ಲ ಎಂದು ಸುಪ್ರೀಂ ಕೋರ್ಟ್ 2001ರ ಸೀಮಾ ಮಲ್ಹೋತ್ರಾ ಪ್ರಕರಣದಲ್ಲಿ ಹೇಳಿದೆ. ಅದೂ ಕಾರಿನ ಸ್ವಂತ ನಷ್ಟದ ಪ್ರಕರಣವೇ. ಬೌನ್ಸ್ ಆದ ಮೇಲೆ ಈಗ ನಗದು ಕಟ್ಟಿದರೂ ಹಳೆಯ ಅಪಘಾತಕ್ಕೆ ಅದು ಅನ್ವಯವಾಗದು.

ಬೈಕ್ ಸವಾರನ ಪರಿಹಾರ ಹಾಗಲ್ಲ. ಪಾಲಿಸಿ ಕೈಗೆ ಕೊಟ್ಟ ಮೇಲೆ ರಸ್ತೆಯಲ್ಲಿರುವ ಮೂರನೆಯವರ ಮಟ್ಟಿಗೆ ಅದು ಜೀವಂತ. ರದ್ದು ಮಾಡಿದ್ದು ಮಾತ್ರವಲ್ಲ, ರದ್ದಾದ ಸುದ್ದಿ ಅಪಘಾತಕ್ಕೆ ಮೊದಲೇ ವಾಹನದ ಮಾಲೀಕನನ್ನು ತಲುಪಿರಬೇಕು, ಆಗ ಮಾತ್ರ ಕಂಪನಿ ಪಾರು. 2012ರಲ್ಲಿ ತೀರ್ಪಾದ ಯುನೈಟೆಡ್ ಇಂಡಿಯಾ ವಿರುದ್ಧ ಲಕ್ಷ್ಮಮ್ಮ ಪ್ರಕರಣದಲ್ಲಿ ಬಸ್ಸಿನ ಅಪಘಾತ 2004ರ ಮೇ 11ಕ್ಕೆ, ಚೆಕ್ ಬೌನ್ಸ್ ಕಾರಣಕ್ಕೆ ಪಾಲಿಸಿ ರದ್ದಾದದ್ದು ಮೇ 13ಕ್ಕೆ. ಎರಡೇ ದಿನದ ಅಂತರ, ಕಂಪನಿಯೇ ಪರಿಹಾರ ಕೊಡಬೇಕಾಯಿತು. ಇದಕ್ಕೆ ಎದುರಿನದು 2007ರ ಡಿಸೆಂಬರಿನಲ್ಲಿ ತೀರ್ಪಾದ, ನಮ್ಮ ರಾಜ್ಯದ್ದೇ ಆದ ದೆಡ್ಡಪ್ಪ ಪ್ರಕರಣ. ಅಲ್ಲಿ ರದ್ದಿನ ಸುದ್ದಿ ಮಾಲೀಕನಿಗೂ ಆರ್‌ಟಿಒಗೂ ಮೊದಲೇ ಹೋಗಿತ್ತು, ಹಾಗಾಗಿ ಕಂಪನಿಯ ಹೊಣೆಯಿಲ್ಲ ಎಂದಿತು ಕೋರ್ಟ್. ಆದರೂ ತನ್ನ ವಿಶೇಷಾಧಿಕಾರ ಬಳಸಿ, ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಲಿ ಎಂದಿತು.

ನಿಮ್ಮ ದಿನಾಂಕಗಳು ಲಕ್ಷ್ಮಮ್ಮ ಪ್ರಕರಣದ ಕಡೆಗಿವೆ. ಅದಕ್ಕೇ ಆ ಪತ್ರದ ಲಕೋಟೆಯನ್ನು ಬಿಸಾಡಬೇಡಿ, ಅದರ ಮೇಲಿನ ಅಂಚೆ ಮುದ್ರೆ ಒಳಗಿನ ಪತ್ರಕ್ಕಿಂತ ಮುಖ್ಯ. ರಿಜಿಸ್ಟರ್ ಅಥವಾ ಸ್ಪೀಡ್ ಪೋಸ್ಟ್ ಆಗಿದ್ದರೆ ಬಾರ್‌ಕೋಡ್ ಕೆಳಗಿನ ಸಂಖ್ಯೆ ಹಾಕಿ, ವಿತರಣೆಯಾದ ದಿನದ ಪುಟವನ್ನು ಈಗಲೇ ಪ್ರಿಂಟ್ ತೆಗೆದಿಡಿ. ಕಂಪನಿ 18ರಂದೇ ಎಸ್‌ಎಂಎಸ್ ಅಥವಾ ಇಮೇಲ್ ಕಳಿಸಿತ್ತೇ ಎಂದೂ ನೋಡಿ. ಕಳಿಸಿದ್ದರೆ ಅವರ ವಕೀಲರು ಅದನ್ನೇ ಮುಂದಿಡುತ್ತಾರೆ. ಮೋಟಾರು ಅಪಘಾತ ನ್ಯಾಯಮಂಡಳಿಯ ನೋಟಿಸ್ ಬಂದಾಗ ಗೈರುಹಾಜರಾಗಬೇಡಿ. ಚೆಕ್ ಕೊಟ್ಟ ದಿನ, ಪಾಲಿಸಿ ಸಂಖ್ಯೆ, ರದ್ದಿನ ಪತ್ರ ಸಿಕ್ಕ ದಿನ, ಮೂರನ್ನೂ ಆಕ್ಷೇಪಣೆಯಲ್ಲಿ ಬರೆಸಿ. ಕಂಪನಿ ಸವಾರನಿಗೆ ಕೊಟ್ಟ ಹಣವನ್ನು ನಿಮ್ಮಿಂದ ವಸೂಲು ಮಾಡಲು ಬರಬಹುದು, ಅದಕ್ಕೂ ತಯಾರಿರಿ.

ಚೆಕ್ ಬೌನ್ಸ್ ಅಲ್ಲದೆ, ಪಾಲಿಸಿ ಮುಗಿದೇ ಹೋಗಿದ್ದ ಕಾರಿನಿಂದ ಇಂಥದ್ದಾದರೆ ಈ ಯಾವ ಆಸರೆಯೂ ಇಲ್ಲ. ಪೂರ್ತಿ ಪರಿಹಾರ ಮಾಲೀಕನ ತಲೆಗೇ. ಪರಿಹಾರಕ್ಕೆ ಜಾಮೀನಾಗಿ ಭದ್ರತೆ ಕೊಡುವವರೆಗೆ ಅಂಥ ವಾಹನವನ್ನು ಪೊಲೀಸ್ ವಶದಿಂದ ಬಿಡಬಾರದು ಎಂಬ ನಿಯಮ ಮಾಡಲು ಸುಪ್ರೀಂ ಕೋರ್ಟ್ 2018ರಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ವಿಮೆಯಿಲ್ಲದೆ ಓಡಿಸಿದ್ದಕ್ಕೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅದು ಪ್ರತ್ಯೇಕ.

ಪ್ರಶ್ನೆ: 2023ರ ಆಗಸ್ಟ್‌ನಲ್ಲಿ ಹೊಸ ಕಾರು ಕೊಂಡಾಗ ಶೋರೂಮಿನವರು ಮೂರು ವರ್ಷದ ವಿಮೆ ಎಂದರು. 2025ರಲ್ಲಿ ಬಾಗಿಲು ಜಖಂ ಆದಾಗ ಕಂಪನಿ ಪ್ರೀಮಿಯಂ ಕಟ್ಟಿಲ್ಲ ಎಂದಿತು. ಇದು ಮೋಸವಲ್ಲವೇ? (ಶಿಕಾರಿಪುರ)

ಉತ್ತರ: ಅರ್ಧ ಸತ್ಯ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷ, ಹೊಸ ಬೈಕಿಗೆ ಐದು ವರ್ಷ ಕಡ್ಡಾಯವಾಗಿರುವುದು ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ವಾಹನದಿಂದ ಬೇರೆಯವರಿಗಾದ ಹಾನಿಯ ವಿಮೆ ಮಾತ್ರ. ನಿಮ್ಮ ಕಾರಿನ ಸ್ವಂತ ನಷ್ಟದ ಭಾಗ ಒಂದೇ ವರ್ಷದ್ದು, 2024ರ ಆಗಸ್ಟ್‌ಗೇ ಮುಗಿದಿದೆ. ಪಾಲಿಸಿಯಲ್ಲಿ ಎರಡಕ್ಕೂ ಬೇರೆ ಬೇರೆ ಕೊನೆಯ ದಿನಾಂಕ ಇರುತ್ತದೆ. ಎಂಪರಿವಾಹನ್ ಆ್ಯಪ್‌ನಲ್ಲಿ ವಿಮೆ ಚಾಲ್ತಿಯಲ್ಲಿದೆ ಎಂದು ಕಂಡರೂ ಅದು ಥರ್ಡ್ ಪಾರ್ಟಿಯದೇ ಆಗಿರಬಹುದು, ಪೊಲೀಸರು ಹಿಡಿದಾಗ ಸಾಕಾಗುತ್ತದೆ, ಗ್ಯಾರೇಜಿನಲ್ಲಿ ಸಾಕಾಗದು. ಸ್ವಂತ ನಷ್ಟಕ್ಕೆ ಮಾತ್ರ ಬಿಡಿ ಪಾಲಿಸಿ ಯಾವ ಕಂಪನಿಯಲ್ಲಾದರೂ ಸಿಗುತ್ತದೆ. ಬಾಗಿಲು ಸರಿ ಮಾಡಿಸಿಯೇ ಕೊಳ್ಳಿ.

ಪ್ರಶ್ನೆ: ಅಡಿಕೆ ಮಾರಿದ ಮೇಲೆ ಕಟ್ಟೋಣ ಎಂದು ಬಿಟ್ಟಿದ್ದೆ. ಪಾಲಿಸಿ ಜೂನ್ 30ಕ್ಕೆ ಮುಗಿದು ಎರಡೂವರೆ ತಿಂಗಳಾಗಿದೆ, ಕಾರು ಶೆಡ್ಡಿನಲ್ಲೇ ಇದೆ. ಇನ್ನೂ ಕಾದರೆ ನಷ್ಟವೇನು? ಬೋನಸ್ 50% ಇತ್ತು. (ಸೊರಬ)

ಉತ್ತರ: ಸೆಪ್ಟೆಂಬರ್ 28 ನಿಮ್ಮ ಗಡಿ. ಜುಲೈನ 31 ದಿನ, ಆಗಸ್ಟಿನ 31, ಸೆಪ್ಟೆಂಬರಿನ 28, ಕೂಡಿದರೆ 90 ದಿನ. ಅದರೊಳಗೆ ಹೊಸ ಪಾಲಿಸಿ ಶುರುವಾಗದಿದ್ದರೆ ನೋ ಕ್ಲೇಮ್ ಬೋನಸ್ ಸೊನ್ನೆಗೆ ಬೀಳುತ್ತದೆ. ಇದು ಸಣ್ಣ ನಷ್ಟವಲ್ಲ. ನಿಮ್ಮ ಕಾರಿನ ಸ್ವಂತ ನಷ್ಟದ ಪ್ರೀಮಿಯಂ ಬೋನಸ್ಸಿಗೆ ಮೊದಲು 9,000 ರೂಪಾಯಿ ಎಂದಿಟ್ಟುಕೊಳ್ಳಿ. ಈ ವರ್ಷ 4,500, ಅದರ ಮೇಲಿನ 18% ಜಿಎಸ್‌ಟಿ 810, ಒಟ್ಟು 5,310 ರೂಪಾಯಿ ಹೆಚ್ಚು ಬೀಳುತ್ತದೆ. ಮುಂದೆಯೂ ಬೋನಸ್ 20, 25, 35, 45 ಎಂದು ಮೆಟ್ಟಿಲು ಹತ್ತಿ 50ಕ್ಕೆ ಬರಬೇಕು. ಪ್ರೀಮಿಯಂ ಇಷ್ಟೇ ಇದ್ದರೆ ಐದು ವರ್ಷಕ್ಕೆ ಕೂಡಿ ಸುಮಾರು 13,275 ರೂಪಾಯಿ.

ಈಗ ಕಟ್ಟುವಾಗ ಕಾರಿನ ಪರಿಶೀಲನೆ ಆಗಬೇಕು. ಕಂಪನಿಯವರು ಬಂದು ನೋಡುತ್ತಾರೆ ಅಥವಾ ಆ್ಯಪಿನಲ್ಲಿ ವಿಡಿಯೊ ತೆಗೆದು ಕಳಿಸಲು ಹೇಳುತ್ತಾರೆ. ಚಾಸಿ ಸಂಖ್ಯೆ, ಓಡಿದ ಕಿಲೋಮೀಟರ್, ನಾಲ್ಕೂ ಬದಿ, ಎಲ್ಲ ಗಾಜು ಸ್ಪಷ್ಟವಾಗಿ ಕಾಣಬೇಕು. ಎರಡೂವರೆ ತಿಂಗಳು ನಿಂತ ಕಾರಿನ ಬ್ಯಾಟರಿ ಇಳಿದು ಮೀಟರ್ ಬೆಳಗದೆ ಅರ್ಜಿ ಅಲ್ಲೇ ನಿಲ್ಲುವುದುಂಟು, ಮೊದಲು ಕಾರು ಸ್ಟಾರ್ಟ್ ಮಾಡಿ ನೋಡಿ. ಮಳೆ ನೀರು ಮೈಮೇಲಿದ್ದರೆ ಗೀರು ಕಾಣುವುದಿಲ್ಲ, ಹನಿಯನ್ನೇ ಡೆಂಟ್ ಎಂದು ಬರೆಯುವುದೂ ಉಂಟು. ಒರೆಸಿ, ಶೆಡ್ಡಿನಿಂದ ಹೊರಗೆ ತಂದು, ಹಗಲಲ್ಲಿ ತೆಗೆಯಿರಿ. ವಿಡಿಯೊ ಲಿಂಕಿಗೆ ಅವಧಿಯಿರುತ್ತದೆ, ಸಿಗ್ನಲ್ ಇರುವ ಕಡೆಗೆ ಕಾರನ್ನೇ ಒಯ್ಯೋಣ ಎಂದರೆ ಅದೂ ಆಗದು, ವಿಮೆಯಿಲ್ಲದ ಕಾರು ರಸ್ತೆಗಿಳಿಯುವಂತಿಲ್ಲ. ಹಾಗಾಗಿ ಮನೆಗೇ ಬಂದು ನೋಡುವ ಶಾಖೆಯನ್ನು ಹಿಡಿಯುವುದು ಲೇಸು. ಪರಿಶೀಲನೆಯಲ್ಲಿ ಬರೆದ ಹಳೆಯ ಜಖಂ ಮುಂದೆ ಕ್ಲೇಮಿನಲ್ಲಿ ಕಳೆಯುತ್ತದೆ, ಆ ವರದಿಯ ಪ್ರತಿ ಕೇಳಿ ಪಡೆಯಿರಿ.

ದುಡ್ಡೇ ಇಲ್ಲದಿದ್ದರೆ ಥರ್ಡ್ ಪಾರ್ಟಿಯೊಂದನ್ನಾದರೂ ಇವತ್ತೇ ಮಾಡಿಸಿ, 1,000ದಿಂದ 1,500 ಸಿಸಿಯ ಖಾಸಗಿ ಕಾರಿಗೆ 2022ರ ಜೂನ್‌ನಲ್ಲಿ ಜಾರಿಯಾದ ದರ 3,416 ರೂಪಾಯಿ, ತೆರಿಗೆ ಬೇರೆ. ಆದರೆ ಬೋನಸ್ ಇರುವುದು ಸ್ವಂತ ನಷ್ಟದ ಭಾಗಕ್ಕೆ, ಬರೀ ಥರ್ಡ್ ಪಾರ್ಟಿ ಮಾಡಿಸಿದರೆ ಅದು ಉಳಿಯುತ್ತದೆ ಎಂದುಕೊಳ್ಳಬೇಡಿ.

ಪ್ರಶ್ನೆ: ಕ್ಲೇಮು ತಿರಸ್ಕರಿಸಿದ್ದಾರೆ. ಒಂಬುಡ್ಸ್‌ಮನ್, ಗ್ರಾಹಕರ ಕೋರ್ಟು, ಯಾವುದು ಒಳ್ಳೆಯದು? (ಶಿವಮೊಗ್ಗ)

ಉತ್ತರ: ಯಾವುದಕ್ಕೆ ಹೋಗುವುದಿದ್ದರೂ ಮೊದಲ ಮೆಟ್ಟಿಲು ಕಂಪನಿಯ ಕುಂದುಕೊರತೆ ಅಧಿಕಾರಿ. ತಿರಸ್ಕಾರವನ್ನು ಕಾರಣ ಮತ್ತು ಪಾಲಿಸಿಯ ಷರತ್ತಿನ ಸಂಖ್ಯೆ ಸಮೇತ ಬರಹದಲ್ಲಿ ಕೇಳಿ, ಅವರಿಗೆ ಇಮೇಲ್ ಮಾಡಿ, ದೂರಿನ ಸಂಖ್ಯೆ ಪಡೆಯಿರಿ. ಜೊತೆಗೇ ವಿಮಾ ಪ್ರಾಧಿಕಾರದ 'ಬಿಮಾ ಭರೋಸಾ' ತಾಣದಲ್ಲಿ ಅಥವಾ 155255ಕ್ಕೆ ಕರೆ ಮಾಡಿ ದಾಖಲಿಸಬಹುದು.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ಕೋರ್ಟಿನ ಹೊರಗೆ ತೀರ್ಮಾನಿಸುವ ಅಧಿಕಾರಿ. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ. ಶುಲ್ಕವಿಲ್ಲ, ವಕೀಲರಿಲ್ಲ, 50 ಲಕ್ಷ ರೂಪಾಯಿವರೆಗಿನ ಕ್ಲೇಮು ನೋಡುತ್ತಾರೆ, ಕಂಪನಿಯ ಅಂತಿಮ ಉತ್ತರದಿಂದ ಒಂದು ವರ್ಷದೊಳಗೆ ಹೋಗಬೇಕು. ಅವರ ಆದೇಶ ಕಂಪನಿಗೆ ಕಡ್ಡಾಯ. ದಿನಾಂಕ, ಸಮಯ, ಇಮೇಲುಗಳಿಂದಲೇ ತೀರುವ ಜಗಳವಾದರೆ ಇದೇ ಸಲೀಸು. ಏಜೆಂಟರಿಗೆ ನಗದು ಕೊಟ್ಟಂಥ, ಸಾಕ್ಷಿಯ ವಿಚಾರಣೆ ಬೇಕಾದ ಪ್ರಕರಣವಾದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗವೇ ಸರಿ. ನಿಮ್ಮ ಊರಿನ ಆಯೋಗದಲ್ಲೇ ದೂರು ಹಾಕಬಹುದು, ಕಂಪನಿಯ ಕಚೇರಿ ಎಲ್ಲಿದ್ದರೂ ಸರಿ. ಅವಧಿ ಎರಡು ವರ್ಷ. ಅಲ್ಲಿ ಲೆಕ್ಕ ಹಿಡಿಯುವುದು ನೀವು ಕೊಟ್ಟ ಪ್ರೀಮಿಯಂ, ಕೇಳುವ ಪರಿಹಾರವಲ್ಲ. ಅದು 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ಕಾರಿನ ಪ್ರೀಮಿಯಂ ಅಷ್ಟಾಗುವುದೂ ಇಲ್ಲ. ಒಂದೇ ವಿಷಯಕ್ಕೆ ಎರಡೂ ಕಡೆ ಒಟ್ಟಿಗೆ ಹೋಗುವಂತಿಲ್ಲ. ಬೈಕ್ ಸವಾರನಂಥ ಮೂರನೆಯವರ ಪರಿಹಾರ ಇವೆರಡಕ್ಕೂ ಬರುವುದಿಲ್ಲ, ಅದು ಅಪಘಾತ ನ್ಯಾಯಮಂಡಳಿಯದೇ.

ತೀರ್ಮಾನ ಆಗುವ ತನಕ ಜಖಂ ಆದ ಭಾಗಗಳನ್ನು ಗುಜರಿಗೆ ಹಾಕಬೇಡಿ. ರಿಪೇರಿ ತುರ್ತಾಗಿ ಮಾಡಿಸಲೇಬೇಕಿದ್ದರೆ ದಿನಾಂಕ ಹಾಕಿ ಕಂಪನಿಗೆ ಇಮೇಲ್ ಕಳಿಸಿ, ಸರ್ವೇಯರು ನೋಡಿ ಹೋದ ಮೇಲೆ ಬಿಚ್ಚಿಸಿ, ಒಡೆದ ಲೈಟು, ಮಡಚಿದ ಬಾನೆಟ್ಟನ್ನು ಗ್ಯಾರೇಜಿನಿಂದ ಮನೆಗೆ ತಂದಿಡಿ.